ಬೊಂಬೆ ಹಬ್ಬಕ್ಕೆ ಬಂದ ರೈಲ್ವೇ ಸ್ಟೇಷನ್ನು

ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಡೋನಟ್ಟಿನ ಡಬ್ಬಿ ಹಿಡಿದು ಟೇಬಲಿನಿಂದ ಟೇಬಲಿಗೆ ಬಂದಳು. ನನ್ನ ಮುಂದೆ ಹಿಡಿದಾಗ ಅಭ್ಯಾಸಬಲದಿಂದ "ಬೇಡ, ಥ್ಯಾಂಕ್ಸ್" ಅಂದೆ. ಕಣ್ಣು ಮಾತ್ರ ಚಾಕೊಲೇಟ್ ಬಳಿದಿದ್ದ ಒಂದರ ಮೇಲೇ ಇತ್ತು. ಅವಳು "ಓಕೆ" ಎಂದು ನಕ್ಕು ಮುಂದಿನ ಟೇಬಲಿಗೆ ಹೋದಳು. ನನ್ನ ಡೋನಟ್ಟು ಪಕ್ಕದವನ ಪಾಲಾಯಿತು. ಅವನಾದರೂ ಸ್ವಲ್ಪ ಉಪಚಾರ ಮಾಡಿಸಿಕೊಂಡನೇ ಎಂದರೆ ಅದೂ ಇಲ್ಲ, ಡಬ್ಬಿ ಹತ್ತಿರ ಬರುವ ಮೊದಲೇ ಕೈ ಹಾಕಿದ. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ನನಗೆ ಬುದ್ಧಿ ಬಂದಿಲ್ಲ.

ನೀವು ಮೈಸೂರಿನ ಕಡೆಯವರಾದರೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದವರಿಗಾಗಿ ಹೇಳುತ್ತೇನೆ. ಯಾರ ಮನೆಗೆ ಹೋದರೂ, ಏನೇ ಕೊಟ್ಟರೂ, ಮೊದಲನೇ ಸಲ "ಬೇಡ" ಅನ್ನಬೇಕು. ಎರಡನೇ ಸಲ "ಈಗ ತಾನೇ ತಿಂಡಿ ತಿಂದ್ಕೊಂಡು ಬಂದ್ವಿ" ಅನ್ನಬೇಕು. ಮೂರನೇ ಸಲ "ಅಯ್ಯೋ, ಯಾಕೆ ಸುಮ್ನೆ ತೊಂದ್ರೆ" ಅನ್ನಬೇಕು. ನಾಲ್ಕನೇ ಸಲ ಅವರು ತಟ್ಟೆಯನ್ನು ಕೈಗೇ ತುರುಕಿದಾಗ, ದೊಡ್ಡ ಉಪಕಾರ ಮಾಡುವವರ ಮುಖ ಮಾಡಿ, "ಸ್ವಲ್ಪ ಸಾಕು" ಎಂದು ಪೂರ್ತಿ ತಿನ್ನಬೇಕು. ನಮ್ಮಮ್ಮ ಇದನ್ನು ನಮಗೆ ಮಗ್ಗಿಗಿಂತ ಮೊದಲು ಕಲಿಸಿದ್ದಳು. ಒಮ್ಮೆ ಅಗ್ರಹಾರದ ಚಿಕ್ಕಮ್ಮನ ಮನೆಯಲ್ಲಿ ನಾನು ಕೋಡುಬಳೆಯನ್ನು ಮೊದಲನೇ ಸಲಕ್ಕೇ ತೆಗೆದುಕೊಂಡುಬಿಟ್ಟೆ. ಚಾಮರಾಜಪುರದ ನಮ್ಮ ಮನೆ ಮುಟ್ಟುವವರೆಗೂ ಅಮ್ಮ ಬೈದಳು. "ಮನೇಲಿ ಊಟ ಹಾಕಲ್ವೇನೋ ಅಂದ್ಕೊಳ್ತಾರೆ ಕಣೇ" ಅನ್ನುವುದು ಅವಳ ಸಂಕಟ. ಕೋಡುಬಳೆ ಚೆನ್ನಾಗಿತ್ತು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಮ್ಮನೂ ಈ ವಿದ್ಯೆಯಲ್ಲಿ ಸಾಕಷ್ಟು ಕಷ್ಟಪಟ್ಟವಳೇ. ನಾವಿದ್ದ ವಠಾರದಲ್ಲಿ ನಮಗೂ ಪಕ್ಕದ ಮನೆಯ ರಂಗನಾಯಕಮ್ಮನವರಿಗೂ ಸೇರಿ ಒಂದೇ ನಲ್ಲಿ. ಬೆಳಗ್ಗೆ ನೀರು ಬಂದ ಕೂಡಲೇ ಇಬ್ಬರೂ ಕೊಡ ಹಿಡಿದು ಹೊರಗೆ ಬರುತ್ತಿದ್ದರು. "ನೀವು ಮೊದ್ಲು ಹಿಡ್ಕೊಳ್ಳಿ" ಎಂದು ಅಮ್ಮ. "ಛೆ ಛೆ, ನೀವು ಹಿಡ್ಕೊಳ್ಳಿ, ಮಕ್ಕಳು ಸ್ಕೂಲಿಗೆ ಹೋಗೋರು" ಎಂದು ಅವರು. "ಪರವಾಗಿಲ್ಲ, ನಿಮ್ಮ ಯಜಮಾನ್ರಿಗೆ ಆಫೀಸಿದೆ" ಎಂದು ಮತ್ತೆ ಅಮ್ಮ. ಹೀಗೇ ಮಾತಾಡುತ್ತಿರುವಾಗ ನೀರು ನಿಂತುಹೋದ ದಿನಗಳೂ ಇವೆ. ಆಗ ಇಬ್ಬರೂ ಖಾಲಿ ಕೊಡ ಎತ್ತಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕು ಒಳಗೆ ಹೋಗುತ್ತಿದ್ದರು. ಅಪ್ಪ ಅವತ್ತು ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡು ಆಫೀಸಿಗೆ ಹೋಗುತ್ತಿದ್ದರು.

ಇಂಥ ಅಮ್ಮನ ಮಗಳು ಒಂದು ಡೋನಟ್ಟು ಕಳೆದುಕೊಂಡರೆ ಅದೇನು ಮಹಾ. ನಾನು ಒಂದು ಇಡೀ ರೈಲ್ವೇ ಸ್ಟೇಷನ್ನನ್ನೇ ಬೇಡ ಅಂದವಳು. ಅದೂ ಜಪಾನಿನದು, ಎರಡು ಲೈನಿನ ರೈಲುಗಳು ಬಂದು ಸೇರುವಂಥದು.

ಮಿಲ್ಪಿಟಾಸ್ ಅನ್ನುವ ಊರಿನಲ್ಲಿ ನಮ್ಮದು ಸಾಲು ಮನೆಗಳ ಕಾಂಪ್ಲೆಕ್ಸು. ಎಲ್ಲರ ಗರಾಜಿನ ಬಾಗಿಲುಗಳೂ ಒಂದೇ ಓಣಿಗೆ ತೆರೆಯುತ್ತವೆ. ನಮ್ಮ ಎದುರಿನ ಗರಾಜು ಮೊರಿತಾ ಅವರದು. ಎಂಬತ್ತರ ಹತ್ತಿರದ ವಯಸ್ಸು, ಒಬ್ಬರೇ ಇದ್ದರು, ಹೆಂಡತಿ ಹೋಗಿ ಕೆಲವು ವರ್ಷವಾಗಿತ್ತು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ನಿವೃತ್ತರಾದವರು. ನಾವು ಆ ಮನೆಗೆ ಬಂದ ವಾರ ಅವರಿಗೊಂದು ಡಬ್ಬಿಯಲ್ಲಿ ಚಿತ್ರಾನ್ನ ಕೊಟ್ಟೆ. ಅವರು ಎರಡೂ ಕೈ ಆಡಿಸಿ ಬೇಡ ಬೇಡ ಎಂದರು. ನಾನು ಬಿಡಲಿಲ್ಲ. ಮತ್ತೆ ಬೇಡ ಎಂದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೂ ಈ ದೇಶದಲ್ಲಿ ನಮ್ಮ ಪೈಕಿಯವರೊಬ್ಬರು ಸಿಕ್ಕಿದರಲ್ಲ ಅನ್ನಿಸಿತು. ಮಾರನೇ ದಿನ ಡಬ್ಬಿ ತೊಳೆದು, ಅದರ ತುಂಬ ಪರ್ಸಿಮನ್ ಹಣ್ಣು ಹಾಕಿ ವಾಪಸು ತಂದರು. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ಅವರಲ್ಲೂ ಇಲ್ಲವಂತೆ. ನಮ್ಮಲ್ಲಂತೂ ಇಲ್ಲವೇ ಇಲ್ಲ. ಅಂದಿನಿಂದ ಆ ಡಬ್ಬಿ ಓಣಿಯ ಆ ಕಡೆ ಈ ಕಡೆ ಓಡಾಡುತ್ತಲೇ ಇತ್ತು, ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಅವರು ಒಂದೊಂದೇ ಪದ ಆರಿಸಿ ಆಡುತ್ತಿದ್ದರು, ನಾನು ಅವಸರದಲ್ಲಿ ಮೂರು ಪದ ಹೆಚ್ಚಿಗೇ ಆಡುತ್ತಿದ್ದೆ. ಇಲ್ಲಿ ನಿಮಗಾಗಿ ಕನ್ನಡದಲ್ಲೇ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಒಂದು ಆಗಸ್ಟಿನ ಸಂಜೆ ಅವರು ನನ್ನನ್ನು ಗರಾಜಿಗೆ ಕರೆದು ದೊಡ್ಡದೊಂದು ಬಿಳಿ ಬಟ್ಟೆ ಎತ್ತಿದರು. ಕೆಳಗೆ ಒಂದು ಊರೇ ಇತ್ತು. ಎರಡು ಮಂಚ ಜೋಡಿಸಿದಷ್ಟು ಜಾಗದಲ್ಲಿ ಮೂರು ಹಲಗೆ. ಎಡಗಡೆಯದರ ಮೇಲೆ ಸಮುದ್ರ, ಬಲಗಡೆಯದರ ಮೇಲೆ ಬೆಟ್ಟ, ನಡುವಿನದರ ಮೇಲೆ ಹೆಂಚಿನ ಮಾಡಿನ ಪುಟ್ಟ ಸ್ಟೇಷನ್ನು. ಬೆರಳೆತ್ತರದ ನೀಲಿ ರೈಲೊಂದು ಸಮುದ್ರದ ಕಡೆಯಿಂದ ಬಂದು ಪ್ಲಾಟ್‌ಫಾರ್ಮಿನ ಈ ಮಗ್ಗುಲಿಗೆ ನಿಂತಿತು. ಒಂದೇ ಬೋಗಿಯ ಕಂದು ರೈಲು ಬೆಟ್ಟದಿಂದ ಇಳಿದು ಆ ಮಗ್ಗುಲಿಗೆ ನಿಂತಿತು. ಅದು ಅವರು ಹುಟ್ಟಿದೂರು, ತಾನಿಗುಚಿ. ನಿವೃತ್ತರಾದ ಮೇಲೆ ನೆನಪಿನಿಂದಲೇ ಕಟ್ಟಿದ್ದು.

"ಎರಡು ಲೈನು, ಎರಡು ಕಂಪನಿ" ಎಂದರು ಮೊರಿತಾ. "ಸ್ಟೇಷನ್ನು ಮಾತ್ರ ಒಂದೇ."

ಕಂಪನಿ ಎರಡಾದ್ದರಿಂದ ಅಲ್ಲಿ ಸ್ಟೇಷನ್ ಮಾಸ್ತರರೂ ಇಬ್ಬರು. ಇಬ್ಬರಿಗೂ ಬೇರೆ ಬೇರೆ ಕೋಣೆ, ಬೇರೆ ಗಡಿಯಾರ, ಬೇರೆ ಟಿಕೆಟಿನ ಕಿಂಡಿ. ಬೆಂಚು, ಶೌಚಾಲಯ ಮತ್ತು ಬೆಕ್ಕು ಮಾತ್ರ ಇಬ್ಬರಿಗೂ ಸೇರಿದ್ದು. ಬೆಕ್ಕು ಬೆಳಗಿನ ಊಟಕ್ಕೆ ಸಮುದ್ರದ ಕಂಪನಿಯ ಕಡೆಗೂ ಮಧ್ಯಾಹ್ನ ನಿದ್ದೆಗೆ ಬೆಟ್ಟದ ಕಂಪನಿಯ ಕಡೆಗೂ ಹೋಗುತ್ತಿತ್ತಂತೆ. ಮೊರಿತಾ ಅವರ ತಂದೆ ಬೆಟ್ಟದ ಕಂಪನಿಯ ಕಿಂಡಿಯಲ್ಲಿ ಟಿಕೆಟ್ಟು ಕೊಡುತ್ತಿದ್ದರು. ಚಳಿಗಾಲದಲ್ಲಿ ಸಮುದ್ರದ ರೈಲು ತಡವಾದರೆ ಬೆಟ್ಟದ ರೈಲು ಅದಕ್ಕಾಗಿ ಕಾಯಲೇಬೇಕು. ರೈಲು ಬದಲಾಯಿಸುವವರನ್ನು ಬಿಟ್ಟು ಹೊರಡುವ ಹಾಗಿಲ್ಲ. ಆಗ ಬೆಟ್ಟದ ಮಾಸ್ತರರು ತಮ್ಮ ಗಡಿಯಾರವನ್ನು ತುಸು ಹೆಚ್ಚು ಹೊತ್ತು ನೋಡುತ್ತಿದ್ದರಂತೆ. ಅದೇ ಅವರ ಜಗಳ. ಸಮುದ್ರದ ಮಾಸ್ತರರು ತಲೆ ಬಗ್ಗಿಸಿ ಕ್ಷಮೆ ಕೇಳಿದರೆ ಇವರೂ ಬಗ್ಗಿಸುತ್ತಿದ್ದರು, ಅವರು ಇನ್ನಷ್ಟು ಬಗ್ಗಿಸಿದರೆ ಇವರೂ ಇನ್ನಷ್ಟು. ನನಗೆ ನಮ್ಮ ವಠಾರದ ನಲ್ಲಿ ನೆನಪಾಗಿ ನಗು ತಡೆಯಲಾಗಲಿಲ್ಲ.

ಪ್ಲಾಟ್‌ಫಾರ್ಮಿನ ಮೇಲಿದ್ದ ಕಡಲೆಕಾಳಿನಷ್ಟು ಜನರಿಗೆ ಬಣ್ಣ ಹಚ್ಚಿದ್ದು ಮೊರಿತಾ ಅವರ ಹೆಂಡತಿ. ಆಕೆ ಹುಟ್ಟಿ ಬೆಳೆದದ್ದು ಇಲ್ಲೇ, ತಾನಿಗುಚಿಯನ್ನು ಕಂಡವರೇ ಅಲ್ಲ. ಹಾಗಾಗಿ ಆ ಹಳೇ ಕಾಲದ ಜಪಾನಿ ಸ್ಟೇಷನ್ನಿನಲ್ಲಿ ಚಡ್ಡಿ ತೊಟ್ಟು ಜಾಗಿಂಗಿಗೆ ಹೊರಟ ಹೆಂಗಸಿದ್ದಾಳೆ, ಬಿಸಿಲಿಗೆ ಕಪ್ಪು ಕನ್ನಡಕ ಹಾಕಿದ ಅಜ್ಜನಿದ್ದಾನೆ. "ನಾನು ತಿದ್ದಲಿಲ್ಲ" ಎಂದರು ಮೊರಿತಾ. "ತಿದ್ದಿದ್ದರೆ ಅವಳಿಗೆ ಬೇಜಾರಾಗುತ್ತಿತ್ತು. ಈಗ ನೋಡಿದರೆ ಇವರೇ ಇರಬೇಕಾದವರು ಅನ್ನಿಸುತ್ತದೆ."

ಆಮೇಲೆ ವಿಷಯಕ್ಕೆ ಬಂದರು. ಅಕ್ಟೋಬರ್ ಕೊನೆಗೆ ಮನೆ ಖಾಲಿ ಮಾಡಿ ಡ್ಯಾನ್‌ವಿಲ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಾರೆ. ಅಲ್ಲಿ ಅವರಿಗೊಂದು ರೂಮಿದೆ, ರೈಲಿಗೆ ಜಾಗವಿಲ್ಲ. ಮಗಳ ಗರಾಜಿನಲ್ಲಿ ವ್ಯಾಯಾಮದ ಯಂತ್ರಗಳಿವೆ.

"ಇದನ್ನು ನೀವು ಇಟ್ಟುಕೊಳ್ಳಿ" ಎಂದರು.

ನಿಜ ಹೇಳುತ್ತೇನೆ, ಆ ನೀಲಿ ರೈಲು ಬಂದು ನಿಂತಾಗಲೇ ನನಗೆ ಆ ಸ್ಟೇಷನ್ನು ಬೇಕು ಅನ್ನಿಸಿತ್ತು. ಬಾಯಿ ಮಾತ್ರ, "ಅಯ್ಯೋ ಬೇಡ ಬೇಡ, ನಮಗ್ಯಾಕೆ" ಅಂದಿತು. ಟೀ ಕುಡಿಯುವಾಗ ಇನ್ನೊಮ್ಮೆ ಕೇಳಿದರು. ಇಷ್ಟು ಬೆಲೆಬಾಳುವ ವಸ್ತುವನ್ನು ಹೇಗೆ ತೆಗೆದುಕೊಳ್ಳುವುದು ಎಂದೆ. ನಾನು ಓಣಿ ದಾಟುವಾಗ ಹಿಂದಿನಿಂದ ಮತ್ತೆ ಕೇಳಿದರು. ನಿಮಗೆ ತೊಂದರೆ, ಬೇಡ ಎಂದು ಕೈಮುಗಿದು ಮನೆಗೆ ಬಂದೆ. ಬಂದವಳೇ ಗಂಡನಿಗೆ ಗರಾಜು ಖಾಲಿ ಮಾಡಲು ಹೇಳಿದೆ.

ನನ್ನ ಗಂಡ ಶ್ರೀಕಂಠನಿಗೆ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಸ್ವಭಾವವಿಲ್ಲ. "ಕಾರನ್ನ ರೋಡಲ್ಲಿ ಪಾರ್ಕ್ ಮಾಡ್ಬೇಕಾ? ಅವ್ರು ಸ್ಟೇಷನ್ ಕೊಟ್ರಾ?" ಎಂದ.

"ಕೊಟ್ರು. ನಾನು ಬೇಡ ಅಂದೆ."

"ಮತ್ತೆ?"

"ಮೂರು ಸಲ ಆಯ್ತಲ್ಲ. ನಾಲ್ಕನೇ ಸಲ ಕೇಳ್ತಾರೆ, ತಗೋತೀನಿ."

ಒಳಗೆ ಹೋಂವರ್ಕು ಮಾಡುತ್ತಿದ್ದ ಮಗಳು ಅನನ್ಯಳಿಗೆ ಎಲ್ಲ ಕೇಳಿಸಿತ್ತು. ಹದಿನೈದು ವರ್ಷದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷು. "ಅಮ್ಮಾ, ಯೂ ಸೆಡ್ ನೋ. ಹಿ ಥಿಂಕ್ಸ್ ಇಟ್ಸ್ ನೋ" ಎಂದಳು.

"ಅವ್ರು ಜಪಾನಿನವ್ರು ಕಣೇ, ನಿನ್ ಥರ ಅಲ್ಲ. ಅವ್ರಿಗೆ ಗೊತ್ತಾಗತ್ತೆ" ಎಂದೆ.

ವಾರ ಕಳೆಯಿತು, ಎರಡು ವಾರ ಕಳೆಯಿತು. ಡಬ್ಬಿಗಳು ಓಡಾಡಿದವು, ಸ್ಟೇಷನ್ನಿನ ಮಾತು ಬರಲಿಲ್ಲ. ನಾನು ಬೇಕೆಂದೇ ಅವರ ಗರಾಜಿನ ಮುಂದೆ ಸುಳಿದಾಡಿದೆ. "ರೈಲು ಚೆನ್ನಾಗಿದೆಯಾ?" ಎಂದು ಯಾರದೋ ಆರೋಗ್ಯ ವಿಚಾರಿಸಿದಂತೆ ವಿಚಾರಿಸಿದೆ. ಚೆನ್ನಾಗಿದೆ ಎಂದರು. ಕಾರು ಬೀದಿಯಲ್ಲಿ ನಿಂತು ಎಲೆ ಬಿದ್ದು ಬಿದ್ದು ಬಣ್ಣಗೆಟ್ಟಿತು. ಶ್ರೀಕಂಠ ದಿನಾ ಸಂಜೆ ನನ್ನ ಮುಖ ನೋಡಿ, ಖಾಲಿ ಗರಾಜನ್ನು ನೋಡಿ, ಒಳಗೆ ಹೋಗುತ್ತಿದ್ದ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಅವರ ಗರಾಜಿನ ಮುಂದೆ ಇಬ್ಬರು ಗಂಡಸರು ಅಳತೆ ಪಟ್ಟಿ ಹಿಡಿದು ನಿಂತಿದ್ದರು. ಒಬ್ಬ ಕ್ಯಾಂಪ್‌ಬೆಲ್ ಊರಿನವನು, ಕೆಂಪು ಗಡ್ಡ. ಇನ್ನೊಬ್ಬ ತೆಳ್ಳನೆಯವನು, ಟೋಪಿ. ಇಬ್ಬರಿಗೂ ಪುಟಾಣಿ ರೈಲಿನ ಹುಚ್ಚು. ಗಡ್ಡದವನಿಗೆ ಸಮುದ್ರದ ಲೈನು ಬೇಕು, ಟೋಪಿಯವನಿಗೆ ಬೆಟ್ಟದ ಲೈನು. ನಡುವಿನ ಹಲಗೆಯನ್ನು ಪ್ಲಾಟ್‌ಫಾರ್ಮಿನ ನಟ್ಟನಡುವೆ ಗರಗಸದಿಂದ ಕೊಯ್ದು ಹಂಚಿಕೊಳ್ಳುವುದೆಂದು ಮಾತಾಯಿತಂತೆ. ಇದನ್ನು ಹೇಳುವಾಗ ಮೊರಿತಾ ನಗುತ್ತಲೇ ಇದ್ದರು. ಆ ನಗು ನನಗೆ ಚೆನ್ನಾಗಿ ಗೊತ್ತು. ಬರಿಗೊಡ ಎತ್ತಿಕೊಂಡು ಒಳಗೆ ಹೋಗುವಾಗ ನಮ್ಮಮ್ಮ ನಗುತ್ತಿದ್ದುದು ಹೀಗೇ.

"ಶೌಚಾಲಯ ಯಾರಿಗೆ?" ಎಂದು ಕೇಳಿದೆ. ಅಂಥ ಹೊತ್ತಿನಲ್ಲಿ ನನಗೆ ಹೊಳೆಯುವುದು ಇಂಥ ಪ್ರಶ್ನೆಯೇ.

"ಅದು ಇನ್ನೂ ತೀರ್ಮಾನವಾಗಿಲ್ಲ" ಎಂದರು.

ಅಲ್ಲೇ ನಿಂತು, ಕೊಯ್ಯಬೇಡಿ, ನನಗೇ ಕೊಡಿ ಎಂದುಬಿಟ್ಟಿದ್ದರೆ ಆಗುತ್ತಿತ್ತು. ನಾಲಿಗೆ ಹೊರಳಲಿಲ್ಲ. ಒಮ್ಮೆ ಬೇಡ ಅಂದವಳು ಈಗ ಬೇಕು ಅಂದರೆ ಏನು ತಿಳಿದಾರು? ಅದರ ಬದಲು, ಸುತ್ತಿ ಬಳಸಿ, ನಮ್ಮಲ್ಲಿ ದಸರೆಗೆ ಬೊಂಬೆ ಕೂರಿಸುವ ಪದ್ಧತಿಯಿದೆ, ಬೊಂಬೆಗಳ ಮುಂದೆ ಪಾರ್ಕು, ಊರು ಏನಾದರೂ ಮಾಡುತ್ತೇವೆ, ಈ ಸಲ ನಿಮ್ಮ ಸ್ಟೇಷನ್ನನ್ನು ಹಬ್ಬ ಮುಗಿಯುವವರೆಗೆ ಎರವಲು ಕೊಡುತ್ತೀರಾ ಎಂದು ಕೇಳಿದೆ. ಮೆಟ್ಟಿಲು ಕಟ್ಟಿ, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯನ್ನು ಕೂರಿಸುತ್ತೇವೆ ಎಂದು ಕೈಯಲ್ಲಿ ತೋರಿಸಿದೆ.

ಮೊರಿತಾ ಅವರ ಮುಖ ಅರಳಿತು. ಅವರ ತಂಗಿಯರಿಗೂ ಇಂಥದೇ ಹಬ್ಬವಿತ್ತಂತೆ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ರಾಜ ರಾಣಿ. ಹಬ್ಬ ಮುಗಿದ ಮೇಲೂ ಬೊಂಬೆ ಎತ್ತಿಡದಿದ್ದರೆ ಹೆಣ್ಣುಮಕ್ಕಳ ಮದುವೆ ತಡವಾಗುತ್ತದೆ ಎಂದು ಅವರ ತಾಯಿ ಗಡಿಬಿಡಿ ಮಾಡುತ್ತಿದ್ದರಂತೆ. ಗಡ್ಡದವನೂ ಟೋಪಿಯವನೂ ಹಬ್ಬ ಕಳೆದ ಮೇಲಿನ ಭಾನುವಾರ ನಮ್ಮ ಮನೆಗೇ ಬಂದು ಕೊಯ್ದು ಒಯ್ಯುವುದೆಂದು ಒಪ್ಪಿಕೊಂಡರು. ನನಗೆ ಅಷ್ಟು ದಿನದ ಗಡುವು ಸಿಕ್ಕಿತು. ಅಷ್ಟರಲ್ಲಿ ಅವರು ನಾಲ್ಕನೇ ಸಲ ಕೇಳೇ ಕೇಳುತ್ತಾರೆ ಎಂದು ನಾನು ನಂಬಿದ್ದೆ.

ಸ್ಟೇಷನ್ನು ಮನೆಯ ಹಾಲ್‌ನಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಆ ವರ್ಷ ಬೊಂಬೆಗಳೇ ಗರಾಜಿಗೆ ಬಂದವು. "ರಾಜ ರಾಣೀನ ವಾಷಿಂಗ್ ಮೆಷೀನ್ ಪಕ್ಕ ಕೂರಿಸ್ತೀಯಾ?" ಎಂದು ಶ್ರೀಕಂಠ ಗೊಣಗಿದ. ನೆಲ ತೊಳೆದು, ಕಾರಿನ ಎಣ್ಣೆಯ ಕಲೆ ಹೋಗದಿದ್ದಾಗ ಅದರ ಮೇಲೇ ದೊಡ್ಡದೊಂದು ರಂಗೋಲಿ ಬಿಟ್ಟೆ. ಅಜ್ಜಿಯ ಕಾಲದ ಪಟ್ಟದ ಬೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದೆ. ಶೆಟ್ಟಿ ಮತ್ತು ಶೆಟ್ಟಮ್ಮ ತಮ್ಮ ಅಂಗಡಿ ಸಮೇತ ಸ್ಟೇಷನ್ನಿನ ಪಕ್ಕಕ್ಕೆ ಬಂದರು. ಸ್ಟೇಷನ್ನಿಗೂ ಶೆಟ್ಟಿಗೂ ಅಳತೆಯಲ್ಲಿ ತಾಳೆಯೇ ಇರಲಿಲ್ಲ. ಶೆಟ್ಟಿಯ ಹೊಟ್ಟೆಯ ನೆರಳಿನಲ್ಲಿ ಎರಡೂ ಕಂಪನಿಯ ಕಚೇರಿಗಳು ಮುಚ್ಚಿಹೋದವು. ಮೊರಿತಾ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿ, "ಊರಿನ ದೊಡ್ಡ ಮನುಷ್ಯ ಇರಬೇಕು" ಎಂದು ಒಪ್ಪಿಕೊಂಡರು.

ಹಬ್ಬದ ಮೊದಲ ಸಂಜೆ ಬೊಂಬೆ ನೋಡಲು ಹೆಂಗಸರು ಮಕ್ಕಳು ಬಂದಾಗ ಮೊರಿತಾ ಸ್ಟೇಷನ್ ಮಾಸ್ತರರ ಹಾಗೆ ನೀಲಿ ಕೋಟು, ಟೋಪಿ, ಬಿಳಿ ಕೈಗವಸು ಹಾಕಿ ಹಾಜರಾದರು. ರೈಲು ಹೊರಡುವ ಮೊದಲು ಸಿಗ್ನಲ್ಲಿಗೆ ಬೆರಳು ತೋರಿಸಿ ಜಪಾನಿಯಲ್ಲಿ ಏನೋ ಕೂಗಬೇಕು, ಹಳಿಗೆ ಬೆರಳು ತೋರಿಸಿ ಇನ್ನೇನೋ ಕೂಗಬೇಕು. ಕಣ್ಣಿಗೆ ಕಂಡದ್ದನ್ನು ಕೈಯಿಂದಲೂ ಬಾಯಿಂದಲೂ ಖಾತ್ರಿ ಮಾಡಿಕೊಳ್ಳುವುದು ಅವರ ಕಡೆಯ ಪದ್ಧತಿ. ಆ ದಿನ ಸಿಗ್ನಲ್ಲು ಸರಿ, ಹಳಿಯೂ ಸರಿ ಎಂದು ಕೂಗಿದರು. ಶೆಟ್ಟಿಯ ಅಂಗಡಿಯಲ್ಲಿ ನಾನು ಸುರಿದಿದ್ದ ತೊಗರಿಬೇಳೆ ಜಾರಿ ಹಳಿಯ ಮೇಲೆ ಬಂದದ್ದನ್ನು ಯಾರೂ ನೋಡಲಿಲ್ಲ. ಸಮುದ್ರದ ರೈಲು ಬೇಳೆಗೆ ನುಗ್ಗಿ ಮಗುಚಿತು. ಮಕ್ಕಳು ಕುಣಿದಾಡಿದರು. ಮೊರಿತಾ ಟೋಪಿ ತೆಗೆದು, ರೇಷ್ಮೆ ಸೀರೆ ಉಟ್ಟು ನಿಂತಿದ್ದ ಹೆಂಗಸರೆಲ್ಲರಿಗೂ ಸೊಂಟದವರೆಗೆ ಬಾಗಿ, ವಿಳಂಬಕ್ಕೆ ಕ್ಷಮೆ ಕೇಳಿದರು. ನಮ್ಮವರು ಸುಮ್ಮನಿರುತ್ತಾರೆಯೇ, ಅವರೂ ಬಾಗಿದರು. ಬೆಟ್ಟದ ರೈಲು ಪದ್ಧತಿಯಂತೆ ಕಾದು ನಿಂತಿತ್ತು. ಬೇಳೆ ಆರಿಸಿ ಮುಗಿಯುವ ಹೊತ್ತಿಗೆ ಕೋಸಂಬರಿ ತಣ್ಣಗಾಗಿತ್ತು, ಅದು ಮೊದಲೂ ತಣ್ಣಗೇ ಇತ್ತು ಅನ್ನಿ.

ಸುದ್ದಿ ಹಬ್ಬಿತು. ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಮಗನ ಮನೆಗೆ ಬಂದಿದ್ದ ಹುಬ್ಬಳ್ಳಿಯ ಶಾಂತಕ್ಕ ಎಂಬ ಅಜ್ಜಿ ಮಾತ್ರ ದಿನಾ ಬರುತ್ತಿದ್ದರು. ಮೊದಲ ದಿನವೇ ಕನ್ನಡಕ ಏರಿಸಿ ಸ್ಟೇಷನ್ನನ್ನು ಮೂಲೆ ಮೂಲೆ ನೋಡಿ, "ಎಲ್ಲಾ ಛಲೋ ಐತ್ರಿ, ಚಾದ ಅಂಗಡಿ ಎಲ್ಲೈತಿ?" ಎಂದರು.

ಇಲ್ಲ ಎಂದೆ.

"ಎರಡು ಲೈನಿನ ಮಂದಿ ಇಳಿತಾರ, ಹತ್ತತಾರ, ಕಾಯ್ತಾರ. ಚಾ ಇಲ್ಲಂದ್ರ ಹೆಂಗ್ರೀ? ಹೇಳ್ರೀ ಅವ್ರಿಗೆ."

ಹೇಳಿದೆ. ಮೊರಿತಾ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಆಮೇಲೆ, ಇತ್ತು, ಬೆಂಚಿನ ಹಿಂದೆ ಮಣ್ಣಿನ ಕೆಟಲಿನಲ್ಲಿ ಟೀ ಮಾರುವ ಹೆಂಗಸೊಬ್ಬಳಿದ್ದಳು, ಹೇಗೆ ಮರೆತೆನೋ ಎಂದರು. ಮಾರನೇ ಸಂಜೆ ಬೆಂಕಿಪೆಟ್ಟಿಗೆಯದೊಂದು ಅಂಗಡಿ ಬಂತು. ಕೆಟಲು ಮೆಣಸಿನಕಾಳಿನದು. ಶಾಂತಕ್ಕನಿಗೆ ಅಧಿಕಾರ ಬಂದಂತಾಯಿತು. ಅಂದಿನಿಂದ ಬೆಟ್ಟದ ರೈಲು ಅವರು "ಎಲ್ಲಾರೂ ಹತ್ಯಾರ, ಹೊಂಡ್ರಿ" ಎಂದು ಬೆರಳು ತೋರಿಸಿದ ಮೇಲೇ ಹೊರಡುತ್ತಿತ್ತು. ಮೊರಿತಾ ಅದಕ್ಕೂ ತಲೆ ಬಾಗಿಸುತ್ತಿದ್ದರು. ಒಂದು ಸಂಜೆ ಅವರು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಅಷ್ಟು ವರ್ಷದಲ್ಲಿ ಅವರ ಗಟ್ಟಿ ನಗುವನ್ನು ನಾನು ಕೇಳಿರಲಿಲ್ಲ. ಈ ಮನುಷ್ಯನನ್ನು ಒಂದು ರೂಮಿಗೆ ಕಳಿಸಿ, ಇವರ ಊರನ್ನು ಎರಡು ತುಂಡು ಮಾಡುತ್ತಾರಲ್ಲ ಎಂದು ನನಗೆ ಸಂಕಟವಾಯಿತು. ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಯನ್ನೇ ತೊಳೆದೆ.

ಅಷ್ಟಾದರೂ ಮೊರಿತಾ ನಾಲ್ಕನೇ ಸಲ ಕೇಳಲಿಲ್ಲ. ಅವರು ಕೇಳಲಿ ಎಂದು ನಾನು, ನಾನು ಬೇಡ ಅಂದಾಗಿದೆ ಎಂದು ಅವರು. ನಮ್ಮಲ್ಲಿ ನಾಲ್ಕನೆಯದಕ್ಕೆ ಒಪ್ಪುತ್ತೇವೆ, ಅವರಲ್ಲಿ ಮೂರಕ್ಕೆ ನಿಲ್ಲಿಸುತ್ತಾರೆ ಅನ್ನುವುದು ನನಗೆ ಹೊಳೆದದ್ದು ಆ ಭಾನುವಾರ ಬೆಳಗ್ಗೆ, ಓಣಿಯಲ್ಲಿ ಎರಡು ಪಿಕಪ್ ಟ್ರಕ್ಕುಗಳು ಬಂದು ನಿಂತ ಮೇಲೆ.

ಗಡ್ಡದವನು ವಿದ್ಯುತ್ ಗರಗಸ ತಂದಿದ್ದ. ಪ್ಲಗ್ಗು ಎಲ್ಲಿದೆ ಎಂದು ಕೇಳಿದ. ನಾನು ಮನೆಗೆ ಬಂದ ಅತಿಥಿಗೆ ತೋರಿಸುವ ಹಾಗೆ ಪ್ಲಗ್ಗು ತೋರಿಸಿದೆ. ಅಷ್ಟೇ ಅಲ್ಲ, ಕಾಫಿ ತೆಗೆದುಕೊಳ್ಳುತ್ತೀರಾ ಎಂದೂ ಕೇಳಿದೆ. ಅವನು ಮೊದಲನೇ ಸಲಕ್ಕೇ "ಶೂರ್" ಎಂದ. ನಾನು ಕಾಫಿ ಮಾಡಿ ತರುವಷ್ಟರಲ್ಲಿ ಬೊಂಬೆಗಳನ್ನು ಪಕ್ಕಕ್ಕೆ ಸರಿಸಿ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಗೆರೆ ಜಾಗಿಂಗಿಗೆ ಹೊರಟ ಹೆಂಗಸಿನ ಕಾಲಬುಡದಲ್ಲೇ ಹಾದುಹೋಗಿತ್ತು. ಮೊರಿತಾ ಅವಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಿದ್ದರು, ಕಪ್ಪು ಕನ್ನಡಕದ ಅಜ್ಜನನ್ನೂ. ನಗುತ್ತಲೇ ಇದ್ದರು.

ಗರಗಸ ಗುರ್ ಎಂದಿತು.

"ಬೇಕು" ಅಂದೆ.

ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಗಡ್ಡದವನು ಗರಗಸ ನಿಲ್ಲಿಸಿ, ಕಾಫಿಗೆ ಸಕ್ಕರೆ ಬೇಕೇ ಎಂದು ಕೇಳಿದೆನೆಂದುಕೊಂಡು ಲೋಟ ಚಾಚಿದ. ನಾನು ಇಂಗ್ಲಿಷಿನಲ್ಲಿ ಮೊರಿತಾ ಅವರಿಗೆ ಹೇಳಿದೆ. "ನನಗೆ ಬೇಕು. ಎರಡೂ ಲೈನು ಬೇಕು, ಸ್ಟೇಷನ್ನು ಬೇಕು, ಶೌಚಾಲಯವೂ ಬೇಕು. ಆಗಸ್ಟಿನಿಂದ ಬೇಕು. ಯಾರಿಗೂ ಕೊಡಬೇಡಿ, ನನಗೆ ಕೊಡಿ."

ಐವತ್ತು ದಾಟಿದ ಮೇಲೆ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಮೊರಿತಾ ಏನು ಹೇಳಿರಬಹುದು ಹೇಳಿ. "ಬೇಡ ಬೇಡ, ನಿಮಗೆ ತೊಂದರೆ" ಎಂದರು. ಇಲ್ಲ, ನನಗೆ ಬೇಕು ಎಂದೆ. "ತುಂಬಾ ಹಳೆಯದು, ಕೆಟ್ಟುಹೋಗುತ್ತಿರುತ್ತದೆ" ಎಂದರು. ಆದರೂ ಬೇಕು ಎಂದೆ. "ನಿಮ್ಮ ಯಜಮಾನರ ಕಾರು" ಎಂದು ಶುರುಮಾಡಿದರು. ಅಷ್ಟು ಹೊತ್ತೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಶ್ರೀಕಂಠ, "ಕಾರು ಎರಡು ತಿಂಗಳಿಂದ ರೋಡಲ್ಲೇ ಇದೆ ಸರ್, ಅದಕ್ಕೀಗ ಅಲ್ಲೇ ಅಭ್ಯಾಸ ಆಗಿದೆ" ಎಂದ. ಮದುವೆಯಾದಾಗಿನಿಂದ ಅವನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

ಮೊರಿತಾ ಅಂಗೈಯನ್ನೇ ನೋಡುತ್ತಾ ನಿಂತರು. ಆಮೇಲೆ ಬಗ್ಗಿ, ಹೆಂಗಸನ್ನೂ ಅಜ್ಜನನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ, ಜೇಬಿನಿಂದ ರಬ್ಬರು ತೆಗೆದು ಪೆನ್ಸಿಲಿನ ಗೆರೆಯನ್ನು ಅಳಿಸತೊಡಗಿದರು.

ರೈಲಿನ ಹುಚ್ಚಿನವರಿಬ್ಬರೂ ಒಳ್ಳೆಯವರೇ. ಇಡಿಯಾಗಿ ಉಳಿಯುವುದಾದರೆ ಅದೇ ಸರಿ ಎಂದರು. ಹಬ್ಬದ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಇಬ್ಬರಿಗೂ ತಾಂಬೂಲ ಕೊಟ್ಟೆ. ತೆಂಗಿನಕಾಯಿ, ಚಕ್ಕುಲಿ, ಒಂದೊಂದು ರವಿಕೆ ಕಣ. ಗಡ್ಡದವನು ಹಸಿರು ರವಿಕೆ ಕಣವನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಬಹಳ ಚೆನ್ನಾಗಿದೆ ಎಂದು ಗರಗಸಕ್ಕೆ ಸುತ್ತಿಕೊಂಡು ಹೋದ.

ಓಣಿ ಖಾಲಿಯಾಯಿತು. ಮೊರಿತಾ ಗೆರೆ ಅಳಿಸಿ ಮುಗಿಸಿ, ಪುಡಿ ಊದಿ, ನೆಟ್ಟಗೆ ನಿಂತರು. ಏನೋ ಹೇಳಲು ಹೊರಟು ನಿಲ್ಲಿಸಿದರು. ಮತ್ತೆ ಬಾಯಿ ತೆರೆದರು.

"ಶನಿವಾರ ಶನಿವಾರ ಬಂದು ರೈಲು ಓಡಿಸಬಹುದೇ? ಮಗಳು ಕರೆದುಕೊಂಡು ಬರುತ್ತಾಳೆ. ನನಗೆ ಬರಬೇಕು ಅನ್ನಿಸುತ್ತದೆ."

ಅಯ್ಯೋ, ಅಷ್ಟು ದೂರದಿಂದ ನಿಮಗ್ಯಾಕೆ ತೊಂದರೆ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ.

"ಬನ್ನಿ" ಅಂದೆ.

ನವೆಂಬರಿನ ಮೊದಲ ಶನಿವಾರ ಬಂದರು. ಕೈಚೀಲದಲ್ಲಿ ಒಳಗೆ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿ ತಂದಿದ್ದರು. ಶೂ ಕಳಚಿಟ್ಟು ಅದನ್ನು ಮೆಟ್ಟಿಕೊಂಡು, ಮಧ್ಯಾಹ್ನದವರೆಗೂ ಎರಡೂ ಲೈನು ಓಡಿಸಿದರು. ಮಗಳು ಬಂದು ಹಾರ್ನ್ ಮಾಡಿದಾಗ ಶೂ ಹಾಕಿಕೊಂಡು ಹೊರಟರು. ಚಪ್ಪಲಿಯನ್ನು ನಮ್ಮ ಗರಾಜಿನ ಗೋಡೆಗೆ, ನಮ್ಮ ಚಪ್ಪಲಿಗಳ ಪಕ್ಕ ಜೋಡಿಸಿಟ್ಟು ಹೋದರು.